ಇಂಗ್ಲಿಷಿಗೆ ಟ್ಯಾಗ್ ಕಟ್ಟಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಇಂಗ್ಲಿಷ್ ಭಾಷೆಯನ್ನು ಒಮ್ಮೆ ಇಡಿಯಾಗಿ ರಿಜೆಕ್ಟ್ ಮಾಡಿದ್ದರು. ನಗಬೇಡಿ! ಹಲವು ದೇಶಗಳು ತಲೆಯ ಮೇಲೆ ಹೊತ್ತು ಮೆರೆಸುತ್ತಿರುವ ಆ ಭಾಷೆಯನ್ನು ರಾಜಗೋಪಾಲನಗರದ ಎರಡನೇ ಮಹಡಿಯ ಮನೆಯೊಂದರ ಊಟದ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎರಡು ಸಂಜೆ ತಿರುಗಿಸಿ ಮುರುಗಿಸಿ ನೋಡಿ, "ಮಾಲು ಸರಿ ಇಲ್ಲ ಕಣಮ್ಮ, ವಾಪಸ್ ಕಳ್ಸು" ಎಂದು ತೀರ್ಪಿತ್ತ ಇನ್ನೊಬ್ಬ ಮನುಷ್ಯನನ್ನು ನೀವೇನಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೆಡೆ ಕೂರಿಸಿ ನೋಡುವ ಆಸೆ ನನಗಿದೆ.

ಚಿಕ್ಕಪ್ಪ ಇಪ್ಪತ್ತೆಂಟು ವರ್ಷಗಳಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾರೆ. ಪಂಪುಗಳ ಒಳಗೆ ಕೂರುವ, ಹೆಬ್ಬೆರಳಿನಷ್ಟು ದಪ್ಪದ, ನಡುವೆ ತೂತಿರುವ ಹಿತ್ತಾಳೆಯ ಬುಷ್‌ಗಳು ಅವರ ಮೇಜಿಗೆ ಬರುತ್ತವೆ. ಪ್ರತಿಯೊಂದನ್ನೂ ಮೂರು ಸಲ ಅಳೆಯಬೇಕು. ಸರಿಯಿದ್ದರೆ ಹಸಿರು ಟ್ಯಾಗು, ತಿದ್ದಿ ಸರಿಪಡಿಸಬಹುದಾದರೆ ತಡೆದಿಡಲು ಹಳದಿ, ಕೆಟ್ಟಿದ್ದರೆ ಕೆಂಪು. ಹಸಿರು ಕಟ್ಟಿಸಿಕೊಂಡ ತುಂಡಿನ ಮೇಲೆ ತಪಾಸಕನ ಮೊಹರು ಬೀಳುತ್ತದೆ. ಚಿಕ್ಕಪ್ಪನದು ಏಳನೇ ನಂಬರಿನ ಮೊಹರು. ಯಾವ ಬಣ್ಣದ್ದೇ ಆಗಲಿ, ಟ್ಯಾಗು ಕಟ್ಟಿದವನು ಅದರ ಹಿಂದೆ ಸಹಿ ಹಾಕಬೇಕು. ಇದು ಅಲ್ಲಿಯ ಕಟ್ಟಳೆ. ಈ ರಾಜ್ಯದ ಎಷ್ಟೋ ಕಚೇರಿಗಳಲ್ಲಿ ಇಲ್ಲದ ಕಟ್ಟಳೆ ಎಂಬುದನ್ನು ನಾನು ಇಲ್ಲಿ ಸುಮ್ಮನೆ ಸೇರಿಸುತ್ತಿಲ್ಲ!

ಕಾರ್ಖಾನೆಯ ಕಟ್ಟಳೆ ಕಾರ್ಖಾನೆಯಲ್ಲೇ ಉಳಿದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ಚಿಕ್ಕಪ್ಪನ ಅಂಗಿಯ ಜೇಬಿನಲ್ಲಿ ಮೂರೂ ಬಣ್ಣದ ಟ್ಯಾಗುಗಳು ಸದಾ ಇರುತ್ತಿದ್ದವು. ಕಾಲು ಅಲುಗುವ ಸ್ಟೂಲಿಗೆ ಹಳದಿ. ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುವ ಗೋಡೆ ಗಡಿಯಾರಕ್ಕೆ ಕೆಂಪು. ಎಂ.ಎ. ಮುಗಿಸಿ, ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅವರ ಮನೆಯಲ್ಲೇ ಉಳಿದಿದ್ದ ನನಗೆ ಒಮ್ಮೆ ಒಂದು ಗಂಡಿನ ಫೋಟೋ ಬಂದಾಗ, ಅದರ ಹಿಂಬದಿಗೆ ಹಳದಿ ಟ್ಯಾಗು ಅಂಟಿಸಿ 'ಕಿವಿ ಸಮ ಇಲ್ಲ, ಎದುರಿಗೆ ನೋಡಿ ಖಾತ್ರಿ ಮಾಡುವುದು' ಎಂದು ಬರೆದು, ಕೆಳಗೆ ಸಹಿ ಹಾಕಿ, ತಾರೀಖನ್ನೂ ನಮೂದಿಸಿದ್ದರು. ನಾನು ಅದನ್ನು ಕಿತ್ತು ಕೆಂಪು ಟ್ಯಾಗು ಅಂಟಿಸಿದೆ. "ಕಾರಣ ಬರ್ದಿಲ್ವಲ್ಲಮ್ಮ" ಎಂದು ಅದನ್ನೂ ವಾಪಸ್ ಕೊಟ್ಟರು!

ಇಂಥ ಮನುಷ್ಯನ ಮೇಲೆ ಒಂದು ಬೆಳಿಗ್ಗೆ ಇಂಗ್ಲಿಷ್ ಬಂದು ಬಿದ್ದಿತು.

ಕಾರ್ಖಾನೆಯ ಸೂಚನಾ ಫಲಕದಲ್ಲಿ ಒಂದು ನೋಟಿಸು. ಮೂರು ತಿಂಗಳ ಬಳಿಕ ಹೊರದೇಶದ ಗಿರಾಕಿಯ ಕಡೆಯವರು ಪರಿಶೀಲನೆಗೆ ಬರುತ್ತಾರೆ. ಪ್ರತಿಯೊಬ್ಬ ತಪಾಸಕನೂ ತನ್ನ ಕೆಲಸವನ್ನು ತಾನೇ ಇಂಗ್ಲಿಷಿನಲ್ಲಿ ವಿವರಿಸಬೇಕು. ವಿವರಿಸಲಾರದವರು ಮೊಹರನ್ನು ಹಿಂದಿರುಗಿಸಿ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು. ಇಪ್ಪತ್ತೆಂಟು ವರ್ಷ ಅಳೆದ ಕೈ ಇನ್ನು ಮುಂದೆ ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸಬೇಕು! ಯಾಕೆ? ಅಳತೆ ತಪ್ಪಿದ್ದಕ್ಕೆ? ಅಲ್ಲ. ಅಳತೆ ಸರಿಯಾಗಿದೆ ಎಂಬುದನ್ನು ಇನ್ನೊಂದು ಭಾಷೆಯಲ್ಲಿ ಹೇಳಲು ಬಾರದ್ದಕ್ಕೆ! ಈ ನಿಯಮ ಯಾವ ಸಭೆಯಲ್ಲಿ ಹುಟ್ಟಿತು? ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಕಾರ್ಮಿಕರನ್ನು ಯಾರಾದರೂ ಕೇಳಿದರೇ? ವಿಷಯ ತಿಳಿದ ಸಂಜೆ ನಾನು ಚಿಕ್ಕಪ್ಪನ ಎದುರು ನಿಂತು ಈ ಪ್ರಶ್ನೆಗಳನ್ನು ಒಂದರ ಮೇಲೊಂದು ಎಸೆದೆ. ಅವರು ಶಾಂತವಾಗಿ ಷೂ ಬಿಚ್ಚುತ್ತಿದ್ದರು.

"ಅದನ್ನೇ ನಾನೂ ನೋಡ್ದೆ ಕಣಮ್ಮ. ನೋಟಿಸಲ್ಲಿ ಸಹಿ ಇರ್ಲಿಲ್ಲ. ತಾರೀಖೂ ಇರ್ಲಿಲ್ಲ."

"ಮತ್ತೆ ಏನ್ ಮಾಡಿದ್ರಿ?"

"ಹಳದಿ ಟ್ಯಾಗ್ ಕಟ್ಬಿಟ್ಟೆ."

ಸೂಚನಾ ಫಲಕಕ್ಕೆ! ಆಡಳಿತದ ನೋಟಿಸಿಗೆ! ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಮಧ್ಯಾಹ್ನವೇ ಎಚ್‌ಆರ್ ಮ್ಯಾನೇಜರು ಅವರನ್ನು ಕರೆಸಿದ್ದರಂತೆ. ಆತ ಬೆಳ್ಳಂದೂರಿನ ಯಾವುದೋ ಟೆಕ್ ಪಾರ್ಕಿನಿಂದ ಹೊಸದಾಗಿ ಬಂದವರು. ಮನೆಯಲ್ಲಿ ಕನ್ನಡ, ಕಾರಿನಿಂದ ಇಳಿದ ಕ್ಷಣದಿಂದ ಇಂಗ್ಲಿಷ್. ಸಿಟ್ಟು ಬಂದಾಗ ಮಾತ್ರ ಮತ್ತೆ ಕನ್ನಡ.

"ಏನ್ರೀ ಇದು, ನೋಟಿಸ್‌ಗೆ ಬಾಲ ಕಟ್ಟಿದ್ದೀರಾ?"

"ಬಾಲ ಅಲ್ಲ ಸಾರ್, ಹೋಲ್ಡ್ ಟ್ಯಾಗು."

"ನೋಟಿಸ್‌ಗೆ ಯಾಕ್ರೀ ಹೋಲ್ಡು?"

"ಸಹಿ ಇಲ್ಲ ಸಾರ್. ಸಹಿ ಇಲ್ದೆ ಇರೋದನ್ನ ಮುಂದಕ್ಕೆ ಬಿಡ್ಬೇಡಿ ಅಂತ ಟ್ರೇನಿಂಗಲ್ಲಿ ನೀವೇ ಹೇಳಿದ್ದು."

ಮ್ಯಾನೇಜರು ಪೆನ್ನು ತೆಗೆದು, ನೋಟಿಸಿಗೆ ಸಹಿ ಹಾಕಿ, ತಾರೀಖು ಬರೆದು ಕೊಟ್ಟರಂತೆ. ಚಿಕ್ಕಪ್ಪ ಅದನ್ನು ಮತ್ತೊಮ್ಮೆ ಓದಿ ನೋಡಿ, ತೃಪ್ತರಾಗಿ, ಹಳದಿ ಬಿಚ್ಚಿ ಹಸಿರು ಕಟ್ಟಿ ಬಂದರಂತೆ. ಅರ್ಥವಾಯಿತಲ್ಲ? ತನ್ನ ಕೊರಳಿಗೆ ಬರಲಿರುವ ಕುಣಿಕೆಯ ಗಂಟು ಸಡಿಲವಾಗಿದೆ ಎಂದು ತಾನೇ ತೋರಿಸಿಕೊಟ್ಟು, ಕೈಯಾರೆ ಬಿಗಿ ಮಾಡಿಸಿಕೊಂಡು ಮನೆಗೆ ಬಂದ ಮಹಾನುಭಾವರು! ಸಹಿಯಿಲ್ಲದ ನೋಟಿಸಿನ ವಿರುದ್ಧ ಹೋರಾಡುವುದು ಎಷ್ಟು ಸುಲಭವಿತ್ತೆಂದು ನಾನು ತಲೆ ಚಚ್ಚಿಕೊಂಡೆ. ಪ್ರತಿಭಟನೆಯ ಪತ್ರವೊಂದನ್ನು ಈಗಲೇ ಬರೆಯುತ್ತೇನೆ ಎಂದೆ. "ನನ್ ವಿಷ್ಯದಲ್ಲಿ ಏನೂ ಬರೀಬಾರ್ದು. ಆಗೋ ಹಂಗಿದ್ರೆ ಇಂಗ್ಲಿಷ್ ಹೇಳ್ಕೊಡು" ಎಂದರು. ಅಲ್ಲಿಗೆ ನನ್ನ ಮೊದಲ ಹೋರಾಟ ಮುಗಿದು ಮೊದಲ ಪಾಠ ಶುರುವಾಯಿತು.

ಮೊದಲ ದಿನ 'ದಿ' ಎಂಬ ಪುಟ್ಟ ಪದವನ್ನು ಎತ್ತಿಕೊಂಡೆ. ಇದೊಂದು ಸುಲಭವಾದದ್ದು ಎಂಬುದು ನನ್ನ ಭ್ರಮೆ.

"ಇದನ್ನ ಎಲ್ಲೆಲ್ಲಿ ಹಾಕ್ಬೇಕು?"

"ಗೊತ್ತಿರೋ ವಸ್ತುವಿನ ಹೆಸರಿಗೆ ಮುಂಚೆ ಚಿಕ್ಕಪ್ಪ."

"ಯಾರಿಗೆ ಗೊತ್ತಿರೋದು? ನಂಗಾ, ಕೇಳೋನಿಗಾ?"

"ಇಬ್ಬರಿಗೂ."

"ಅವ್ನಿಗೆ ಗೊತ್ತಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ರೂಢಿಯಾದರೆ ಯಾವುದು ಸರಿ ಎಂದು ಕಿವಿಗೇ ತಿಳಿಯುತ್ತದೆ ಎಂದೆ. ಚಿಕ್ಕಪ್ಪನ ಮುಖ ಬಿಳುಚಿತು.

"ಕಿವಿಗಾ? ಅಂದ್ರೆ ಕಣ್ಣಂದಾಜು! ನಮ್ಮಲ್ಲಿ ಅಂದಾಜಲ್ಲಿ ಪಾಸ್ ಮಾಡಿದ್ರೆ ಮೆಮೊ ಕೊಡ್ತಾರೆ ಕಣಮ್ಮ. ಇದರ ಡ್ರಾಯಿಂಗು ಎಲ್ಲಿದೆ? ಎಷ್ಟು ಹೆಚ್ಚಾದ್ರೆ ನಡೀತದೆ, ಎಷ್ಟು ಕಮ್ಮಿ ಆದ್ರೆ ನಡೀತದೆ, ಅದನ್ನ ತೋರ್ಸು."

ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದ ನನ್ನನ್ನು ಯಾವ ಪ್ರಾಧ್ಯಾಪಕರೂ ಹೀಗೆ ಕೇಳಿರಲಿಲ್ಲ.

ಎರಡನೆಯ ದಿನ 'ಗುಡ್, ಬೆಟರ್, ಬೆಸ್ಟ್'. ಚಿಕ್ಕಪ್ಪ ಮೂರನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಸಾಲಾಗಿ ಇಟ್ಟರು. ಬೆಟರನ್ನೂ ಬೆಸ್ಟನ್ನೂ ಹತ್ತಿರ ಸರಿಸಿ, "ಇವೆರಡು ಒಂದೇ ಲಾಟಿನ ಮಾಲು, ಒಪ್ಕೊಂಡೆ" ಎಂದರು. ಗುಡ್‌ನ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಬೇರೆ ಕಂಪನಿದು. ಈ ಡಬ್ಬಕ್ಕೆ ಹೆಂಗೆ ಬಂತು? ಬಿಟ್ಟೋರು ಯಾರು? ಸಹಿ ಯಾರ್ದು?" ಎಂದು ಕೇಳಿದರು.

ಯಾರದು? ನೀವಾದರೂ ಹೇಳಿ! ಉತ್ತರದಾಯಿತ್ವದ ಬಗ್ಗೆ ನಾನು ಬರೆದ ಲೇಖನಗಳು ಒಂದೆರಡಲ್ಲ; ಆದರೆ ಒಂದು ಭಾಷೆಯನ್ನೇ ಕಟಕಟೆಯಲ್ಲಿ ನಿಲ್ಲಿಸಬಹುದೆಂದು ನನಗೆ ಹೊಳೆದಿರಲಿಲ್ಲ. 'ನೈಫ್' ಪದದ ಮೊದಲಿಗಿರುವ ಉಚ್ಚಾರವಿಲ್ಲದ 'ಕೆ' ಅಕ್ಷರಕ್ಕೆ "ಅಂಚಿನ ಕಸ, ಅರದಲ್ಲಿ ಉಜ್ಜಿ ತೆಗೀಬೇಕು" ಎಂದು ಹಳದಿ ಟ್ಯಾಗು ಬಿದ್ದಿತು. ಕಾರಿನ ವಿಷಯದಲ್ಲಿ 'ಇನ್' ಎಂದೂ ಬಸ್ಸಿನ ವಿಷಯದಲ್ಲಿ 'ಆನ್' ಎಂದೂ ಹೇಳಬೇಕೆಂದಾಗ ಅವರು ಕೆಂಪು ಟ್ಯಾಗನ್ನೇ ತೆಗೆದರು. "ಬಸ್ಸಲ್ಲೂ ಒಳಗೇ ತಾನೆ ಕೂತ್ಕೊಳೋದು?"

ಬಾಗಿಲ ಬಳಿಯ ಹೊಲಿಗೆ ಯಂತ್ರದಿಂದ ಚಿಕ್ಕಮ್ಮನ ದನಿ ಬಂತು: "ಮದ್ವೆ ಆದ ಹೊಸ್ದರಲ್ಲಿ ನಿಮ್ಮೂರಿನ ಬಸ್ಸಲ್ಲಿ ನನ್ನ ಒಳಗೆ ತುರುಕಿ ನೀವು ಟಾಪ್ ಮೇಲೆ ಕೂತ್ಕೊಂಡು ಬಂದ್ರಲ್ಲ ರೀ. ಆ ಇಂಗ್ಲಿಷಿನೋರು ಅದನ್ನ ನೋಡೇ ಬರ್ದಿರ್ಬೇಕು ಬಿಡಿ."

ಅಂದು ರಾತ್ರಿಯ ಊಟಕ್ಕೆ ಮುಂಚೆಯೇ ಇಂಗ್ಲಿಷ್ ಇಡಿಯಾಗಿ ರಿಜೆಕ್ಟ್ ಆದದ್ದು.

ಚಿಕ್ಕಮ್ಮನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಹತ್ತಿರದ ಅಪಾರ್ಟ್‌ಮೆಂಟಿನಿಂದ ಕನ್ನಡ ಬಾರದ ಹೆಂಗಸರೂ ಬರುತ್ತಾರೆ. ಏಳನೇ ತರಗತಿಗೆ ಶಾಲೆ ಬಿಟ್ಟ ಚಿಕ್ಕಮ್ಮ ಅವರೊಡನೆ ಆಡುವ ಇಂಗ್ಲಿಷಿನಲ್ಲಿ ಕ್ರಿಯಾಪದವೆಂಬುದು ಹಬ್ಬಕ್ಕೆ ಬರುವ ನೆಂಟನಂತೆ, ಬಂದರೆ ಬಂತು. "ಮೇಡಂ, ಕೈ ಲೂಸ್, ನೆಕ್ ಟೈಟ್, ವೆನ್ಸ್‌ಡೇ ಕಮ್, ಪಕ್ಕಾ!" ಗಿರಾಕಿ ನಗುತ್ತಾ ಹೋಗುತ್ತಾಳೆ, ಬುಧವಾರ ಬರುತ್ತಾಳೆ, ರವಿಕೆ ಮೈಗೆ ಸರಿಯಾಗಿ ಕೂರುತ್ತದೆ. ಚಿಕ್ಕಪ್ಪ ಒಮ್ಮೆ ಈ ಮಾತಿನಲ್ಲಿ ಮೂರು ತಪ್ಪು ಪಟ್ಟಿ ಮಾಡಿ ಹಳದಿ ಟ್ಯಾಗು ಬರೆದು ಅವರ ಯಂತ್ರದ ಮೇಲಿಟ್ಟರು.

"ರೀ, ಇದೇನಾದ್ರೂ ನನ್ ಬ್ಲೌಸಿಗೆ ಅಂಟ್ಕೊಂಡು ಹೋದ್ರೆ ಗಿರಾಕಿಗಳು ಸೇಲ್ ಹಾಕಿದ್ದೀನಿ ಅನ್ಕೊಂಡ್ಬಿಡ್ತಾರೆ. ತಗೊಳ್ಳಿ ಆ ಕಡೆ!"

ಹಾಗಾದರೆ ಚಿಕ್ಕಪ್ಪನೂ ಹೀಗೇ ಧೈರ್ಯವಾಗಿ ಮಾತನಾಡಬಹುದಲ್ಲವೇ? ನಾನೂ ಇದನ್ನೇ ಕೇಳಿದೆ. ಅವರು ತಮ್ಮ ಚೀಲದಿಂದ ಒಂದು ಗೇಜನ್ನು ತೆಗೆದು ಮೇಜಿನ ಮೇಲಿಟ್ಟರು. ಬಳಸಿ ಸವೆದು ಲೆಕ್ಕದಿಂದ ತೆಗೆದುಹಾಕಿದ ಹಳೆಯ ಗೇಜು. ಬೆರಳುದ್ದದ ಉಕ್ಕಿನ ತುಂಡು, ಎರಡು ತುದಿ. ಒಂದು ತುದಿ ಬುಷ್‌ನ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ಹೋಗಕೂಡದು. ಎರಡೂ ಆದರೆ ಮಾತ್ರ ತುಂಡು ಪಾಸು.

"ಮಾತಿಗೂ ಹಿಂಗೇ ಎರಡು ತುದಿ ಕಣಮ್ಮ. ಹೇಳಿದ್ದು ಅವ್ನಿಗೆ ತಿಳೀಬೇಕು, ಅದೊಂದು. ಕೇಳ್ಸ್ಕೊಂಡೋನು ನಗಬಾರ್ದು, ಅದಿನ್ನೊಂದು. ನಿಮ್ ಚಿಕ್ಕಮ್ಮಂಗೆ ಎರಡನೇದರ ಚಿಂತೆ ಇಲ್ಲ. ನಂಗೆ ಅದೊಂದೇ ಚಿಂತೆ."

ಎಷ್ಟು ತಣ್ಣಗೆ ಹೇಳಿದರು! ಇಪ್ಪತ್ತೆಂಟು ವರ್ಷ ಯಾರೂ ಬೆರಳು ತೋರಿಸಲಾಗದಂತೆ ದುಡಿದವನನ್ನು, ನಗೆಗೆ ಹೆದರುವ ಹುಡುಗನನ್ನಾಗಿ ಮಾಡಲು ಒಂದು ನೋಟಿಸು ಸಾಕಾಯಿತು. ಆ ರಾತ್ರಿ ಚಿಕ್ಕಪ್ಪನ ಅಪ್ಪಣೆ ಮೀರಿ ನಾನು ಆ ಪ್ರತಿಭಟನಾ ಪತ್ರವನ್ನು ಬರೆಯತೊಡಗಿದೆ. ಚಿಕ್ಕಮ್ಮನಿಗೆ ಮಾತ್ರ ತಿಳಿಸಿದೆ. ಚಿಕ್ಕಪ್ಪನ ಮೊಹರನ್ನು ಕಿತ್ತುಕೊಂಡ ದಿನವೇ ಆಡಳಿತಕ್ಕೂ ಕಾರ್ಮಿಕ ಇಲಾಖೆಗೂ ಸಲ್ಲಿಸಬೇಕೆಂಬುದು ನನ್ನ ಯೋಜನೆ.

ಪಾಠ ಮತ್ತೆ ಶುರುವಾಯಿತು. ಆದರೆ ಈಗ ಹೊಸದೊಂದು ತೊಡಕು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಲೋಹ ಹಿಗ್ಗಿರುತ್ತದೆ. ತಣಿಯುವ ತನಕ ಅಳೆಯಬಾರದು. ಈ ನಿಯಮವನ್ನೂ ಚಿಕ್ಕಪ್ಪ ಇಂಗ್ಲಿಷಿಗೆ ಅನ್ವಯಿಸಿದರು. ಯಾರಾದರೂ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ತಕ್ಷಣ ಬಾಯಿಗೆ ಬಂದ ಉತ್ತರವನ್ನು ಅವರು ಹೊರಗೆ ಬಿಡರು. ತಣಿಯಲು ಇಡುತ್ತಾರೆ. ಆಮೇಲೆ ಮೂರು ಸಲ ಒಳಗೇ ಅಳೆಯುತ್ತಾರೆ. ಒಂದು ಭಾನುವಾರ ಪೀಣ್ಯದ ಮೆಟ್ರೊ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿದ್ದೆವು. ಬೆನ್ನಿಗೆ ಚೀಲ ಹಾಕಿದ್ದ ಯುವಕನೊಬ್ಬ ಬಂದು ನಿಂತ ರೈಲನ್ನು ತೋರಿಸಿ, ಇದು ಮೆಜೆಸ್ಟಿಕ್‌ಗೆ ಹೋಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಕೈಯೆತ್ತಿ ನನ್ನನ್ನು ತಡೆದರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಯುವಕ ಕಾದ. ಅವರನ್ನು ನೋಡಿದ, ನನ್ನನ್ನು ನೋಡಿದ, ರೈಲನ್ನು ನೋಡಿದ. ಕೊನೆಗೆ ದೇವರ ಮೇಲೆ ಭಾರ ಹಾಕಿ ಒಳಗೆ ಹಾರಿದ. ಬಾಗಿಲು ಮುಚ್ಚಿತು. ರೈಲು ಹೊರಟಿತು. ಆಗ ಚಿಕ್ಕಪ್ಪ ಕಣ್ತೆರೆದು, ಓಡುತ್ತಿರುವ ರೈಲಿನ ಕಡೆ ಕೈ ಚಾಚಿ, ಒಂದೂ ತಪ್ಪಿಲ್ಲದ ಪೂರ್ಣ ವಾಕ್ಯವನ್ನು ಗಟ್ಟಿಯಾಗಿ ಹೇಳಿದರು: "ಯೆಸ್, ದಿಸ್ ಟ್ರೈನ್ ಗೋಸ್ ಟು ಮೆಜೆಸ್ಟಿಕ್!"

ನಿಲ್ದಾಣದ ಕಾವಲುಗಾರ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೌದು ಸಾರ್, ಗೊತ್ತು" ಎಂದ.

ಮೂರು ತಿಂಗಳು ಹೀಗೆ ಕಳೆಯಿತು. ಬಚ್ಚಲಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಇಂಗ್ಲಿಷ್, ಮುದ್ದೆ ಮುರಿಯುವಾಗಲೂ ಇಂಗ್ಲಿಷ್. ಚಿಕ್ಕಪ್ಪ ಸೊರಗಿ ಹೋದರು. ಕನ್ನಡದಲ್ಲೂ ತಡೆದು ತಡೆದು ಮಾತನಾಡತೊಡಗಿದರು. "ಅನ್ನ ಹಾಕ್ಲಾ?" ಎಂದು ಚಿಕ್ಕಮ್ಮ ಕೇಳಿದರೆ ಉತ್ತರ ಬರುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ಜೇಬಿನ ಟ್ಯಾಗುಗಳು ಹಾಗೇ ಇದ್ದವು. ಮನೆಯಲ್ಲಿ ಯಾವುದಕ್ಕೂ ಅವರು ಕಟ್ಟುತ್ತಿರಲಿಲ್ಲ. ಅದನ್ನು ಕಂಡು ನನಗೆ ನಿಜವಾಗಿ ಭಯವಾಯಿತು.

ಪರಿಶೀಲನೆಯ ದಿನ ನಾನು ರಜೆ ಹಾಕಿ, ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕುಳಿತೆ. ಚೀಲದಲ್ಲಿ ನಾಲ್ಕು ಪುಟದ ಪತ್ರ ಸಿದ್ಧವಿತ್ತು. ಒಂದು ಟೀ ಕುಡಿದೆ. ಎರಡಾಯಿತು. ಊಟದ ಬಿಡುವಿನ ಗಂಟೆ ಹೊಡೆದಾಗ ಗೇಟಿನಿಂದ ಮೊದಲು ಓಡಿಬಂದವಳು ರೇಣುಕಾ. ಯಾದಗಿರಿ ಕಡೆಯವಳು, ಚಿಕ್ಕಪ್ಪನ ಮೇಜಿನ ಪಕ್ಕದ ಯಂತ್ರದಲ್ಲಿ ಕೆಲಸ ಮಾಡುತ್ತಾಳೆ, ನಮ್ಮ ಓಣಿಯಲ್ಲೇ ಬಾಡಿಗೆಗಿದ್ದಾಳೆ.

"ಅಕ್ಕಾ, ನಿಮ್ಮ ಕಾಕಾ ಏನ್ ಮಾಡ್ಯಾರ ಗೊತ್ತೈತೇನ್ರಿ?"

"ಏನ್ ಮಾಡಿದ್ರು? ಮೊಹರು ಕಿತ್ಕೊಂಡ್ರಾ?"

"ತಡೀರಿ, ಮೊದ್ಲ ಚಾ ಹೇಳ್ರಿ. ನನ್ನ ಎದಿ ಇನ್ನೂ ಹೊಡ್ಕೊಳ್ಳಾಕತ್ತೈತಿ."

ಟೀ ಬಂತು. ಒಂದು ಗುಟುಕು ಕುಡಿದು ಅವಳು ಹೇಳಿದ್ದು ಇದು; ಇಂಗ್ಲಿಷ್ ಮಾತುಗಳ ಅರ್ಥವನ್ನು ಆಮೇಲೆ ಚಿಕ್ಕಪ್ಪನಿಂದ ಕೇಳಿ ತುಂಬಿಕೊಂಡೆ. ಬಂದ ಗಿರಾಕಿ ಒಬ್ಬ ಬೆಳ್ಳಿಕೂದಲಿನ ಎತ್ತರದ ಹೆಂಗಸು. ಹಿಂದೆ ಎಚ್‌ಆರ್ ಮ್ಯಾನೇಜರು, ಅವರ ಹಿಂದೆ ಇನ್ನೂ ನಾಲ್ವರು. ಆಕೆ ಚಿಕ್ಕಪ್ಪನ ಮೇಜಿನ ಮುಂದೆ ನಿಂತು, ನಿಮ್ಮ ಕೆಲಸವೇನು ಎಂದು ಕೇಳಿದಳು. ಚಿಕ್ಕಪ್ಪ ಕಣ್ಣು ಮುಚ್ಚಿದರು.

"ಮುಚ್ಚಿದ್ರಲ್ರಿ ಅಕ್ಕಾ, ತೆಗೀಲೇ ಇಲ್ಲ! ನಾ ಅಂದ್ಕೊಂಡೆ, ಮುಗೀತು, ಕಾಕಾಗ ನಿದ್ದಿ ಹತ್ತಿ ಬಿಡ್ತು ಅಂತ. ಮ್ಯಾನೇಜರ್ ತಾನೇ ಹೇಳಾಕ ಹೋದ್ರು. ಆ ಹೆಣ್ಮಗಳು ಕೈ ಅಡ್ಡ ಹಿಡದ್ಲು, ನೀ ಸುಮ್ಕಿರು ಅನ್ನೋಹಂಗ. ಆಮ್ಯಾಗ ಕಾಕಾ ಕಣ್ ತೆಗದು, 'ಮೇಡಂ, ಐ ಮೆಜರ್ ತ್ರೀ ಟೈಮ್ಸ್. ದೆನ್ ಐ ಸೈನ್' ಅಂದ್ರು. ಅಷ್ಟೇ ರಿ!"

"ನಕ್ಕಳಾ ಅವಳು?"

"ಇಲ್ರಿ. ತಲಿ ಆಡ್ಸಿದ್ಲು."

ಅಷ್ಟಕ್ಕೇ ಮುಗಿದಿದ್ದರೆ ನಾನು ಅಲ್ಲೇ ಬೋಂಡಾ ತರಿಸಿ ಹಂಚುತ್ತಿದ್ದೆ. ಆದರೆ ಆ ಹೆಂಗಸು ಮೇಜಿನ ಮೇಲೆ ಪ್ರದರ್ಶನಕ್ಕೆಂದು ಉಜ್ಜಿ ಹೊಳೆಯಿಸಿ ಇಟ್ಟಿದ್ದ ತಟ್ಟೆಯಿಂದ, ಹಸಿರು ಟ್ಯಾಗಿನ ಒಂದು ಬುಷ್ ಎತ್ತಿ ಚಿಕ್ಕಪ್ಪನ ಕೈಗಿಟ್ಟು, "ಗುಡ್?" ಎಂದಳು. ಹೌದು ಎಂದರೆ ಸಾಕಿತ್ತು. ಇಡೀ ಕಾರ್ಖಾನೆ ಆ ಒಂದು 'ಯೆಸ್'ಗಾಗಿ ಕಾದಿತ್ತು. ಚಿಕ್ಕಪ್ಪ ಗೇಜು ತೆಗೆದರು. ಒಂದು ಸಲ ನೋಡಿದರು. ಎರಡನೆಯ ಸಲ. ಮೂರನೆಯ ಸಲ. ಒಳಗೆ ಹೋಗಬಾರದ ತುದಿ ಮೂರೂ ಸಲ ಒಳಗೆ ಹೋಯಿತು.

"ನೋ" ಎಂದರು.

ಮ್ಯಾನೇಜರು ಮುಂದೆ ನುಗ್ಗಿದರು. ಇವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಇವರ ಮಾತಿನ ಅರ್ಥ ಯೆಸ್ ಎಂದು ಆಕೆಗೆ ಸಮಜಾಯಿಷಿ ಕೊಡಹೋದರು. ಜೀವಮಾನದಲ್ಲಿ ಮೊದಲ ಬಾರಿಗೆ ಚಿಕ್ಕಪ್ಪ ಇಂಗ್ಲಿಷನ್ನು ತಣಿಯಲು ಬಿಡಲಿಲ್ಲ: "ನೋ ಸಾರ್. ಐ ಮೀನ್ ನೋ."

ಹಾಗಾದರೆ ಇದನ್ನು ಪಾಸ್ ಮಾಡಿದವರು ಯಾರು ಎಂದು ಆಕೆ ಕೇಳಿದಳು. ಎಂಥ ಪ್ರಶ್ನೆ! ನಾನು ಎಷ್ಟು ಕಚೇರಿಗಳ ಬಾಗಿಲಲ್ಲಿ ನಿಂತು ಇದೇ ಪ್ರಶ್ನೆ ಕೇಳಿದ್ದೇನೆ! ಕೆಟ್ಟ ರಸ್ತೆಯನ್ನು ಪಾಸ್ ಮಾಡಿದವರು ಯಾರು? ಬಿರುಕು ಬಿಟ್ಟ ಶಾಲೆಯ ಗೋಡೆಯನ್ನು? ಪ್ರತಿ ಸಲವೂ ಕಡತ ಇನ್ನೊಂದು ಮೇಜಿನಲ್ಲಿರುತ್ತದೆ, ಅಧಿಕಾರಿ ವರ್ಗಾವಣೆಯಾಗಿರುತ್ತಾರೆ, ಸಹಿ ಅಸ್ಪಷ್ಟವಾಗಿರುತ್ತದೆ. ಚಿಕ್ಕಪ್ಪ ಬುಷ್ ತಿರುಗಿಸಿ ಮೊಹರು ನೋಡಿದರು. ಏಳನೇ ನಂಬರು.

"ಮೈ ಸ್ಟಾಂಪ್," ಎಂದರು. ಆಮೇಲೆ, "ಮೈ ಮಿಸ್ಟೇಕ್."

ಹಸಿರು ಟ್ಯಾಗನ್ನು ಬಿಚ್ಚಿ ಕೆಂಪು ಕಟ್ಟಿದರು. ಹಿಂದೆ ಸಹಿ ಹಾಕಿದರು. ಆ ಬುಷ್ ಅಳೆದ ದಿನ ತಾವು ಪಾಸ್ ಮಾಡಿದ ಅಷ್ಟೂ ಡಬ್ಬಗಳನ್ನು ನಿಲ್ಲಿಸಿ ಮತ್ತೆ ಅಳೆಯಬೇಕೆಂದು ಕೈಸನ್ನೆಯಲ್ಲಿ ಹೇಳಿದರು. ಅಷ್ಟು ಇಂಗ್ಲಿಷ್ ಅವರಲ್ಲಿ ಉಳಿದಿರಲಿಲ್ಲ.

"ಆಮ್ಯಾಗ ಆ ಹೆಣ್ಮಗಳು ಏನೇನೋ ಅಂದ್ಳು ರಿ, ನಮಗೆಲ್ಲಿ ತಿಳೀತೈತಿ," ಎಂದಳು ರೇಣುಕಾ. "ಆದ್ರ ಕಾಕಾನ ಕೈ ಹಿಡದು ಕುಲುಕಿದ್ಲು. ಕೈತುಂಬ ಎಣ್ಣಿ ಇತ್ತು, ಹಂಗೇ ಹಿಡದ್ಲು ರಿ ಅಕ್ಕಾ."

ಮೊಹರು ಉಳಿಯಿತೋ ಹೋಯಿತೋ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಗೇಟು ಮತ್ತೆ ಮುಚ್ಚಿತು. ಅಂದಿನ ಆ ಮಧ್ಯಾಹ್ನವನ್ನು ನಾನು ಹೇಗೆ ಕಳೆದೆನೆಂದು ಟೀ ಅಂಗಡಿಯವರನ್ನೇ ಕೇಳಬೇಕು.

ಪಾಳಿ ಮುಗಿದಾಗ ಚಿಕ್ಕಪ್ಪ ಹೊರಬಂದರು. ನಡಿಗೆ ಹಗುರಾಗಿತ್ತು. ನಾನು ಕೇಳುವ ಮೊದಲೇ ಸೊಂಟದ ಚೀಲ ತಟ್ಟಿ ತೋರಿಸಿದರು: ಮೊಹರು ಅಲ್ಲೇ ಇತ್ತು! ಈ ಮೇಜಿಗೆ ಇದೇ ಮನುಷ್ಯ ಇರಲಿ ಎಂದು ಆ ಹೆಂಗಸು ಹೇಳಿ ಹೋದಳಂತೆ. ಇಂಥ ಪ್ರಾಮಾಣಿಕತೆಯನ್ನು ಹೇಗೆ ಬೆಳೆಸಿದಿರಿ ಎಂದು ಆಕೆ ಕೇಳಿದಾಗ, ಮ್ಯಾನೇಜರು ಕ್ಷಣವೂ ತಡಮಾಡದೆ, ಎಲ್ಲವೂ ನಮ್ಮ ಟ್ರೇನಿಂಗು ಎಂದರಂತೆ! ನೋಟಿಸನ್ನು ಸಂಜೆಯೊಳಗೆ ಫಲಕದಿಂದ ಯಾರೋ ತೆಗೆದಿದ್ದರು. ತೆಗೆದವರು ಯಾರು? ಅದಕ್ಕೆ ಮಾತ್ರ ಸಹಿ ಇಲ್ಲ, ತಾರೀಖೂ ಇಲ್ಲ!

ರಾಜಗೋಪಾಲನಗರದ ಕಡೆ ನಡೆಯುತ್ತಾ ನಾನು ಕೇಳಿದೆ: "ಆ ಬುಷ್ ಹೇಗೆ ಪಾಸಾಯ್ತು ಚಿಕ್ಕಪ್ಪ? ನಿಮ್ಮ ಕೈಯಲ್ಲಿ?"

ಅವರು ಸೊಂಟದ ಚೀಲವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡರು. "ಅದನ್ನ ಅಳೆದ ದಿನ ಮನಸ್ಸಲ್ಲಿ ಇಂಗ್ಲಿಷ್ ಓಡ್ತಿತ್ತು ಕಣಮ್ಮ. ಕೈ ಅಳೀತಿತ್ತು, ಬಾಯಿ ಬಾಯಿಪಾಠ ಮಾಡ್ತಿತ್ತು."

"ಹಾಗಾದ್ರೆ ಆ ತಪ್ಪು ನೋಟಿಸ್ ಹಾಕ್ದೋರದು! ಕೆಂಪು ಟ್ಯಾಗಿನ ಮೇಲೆ ಮ್ಯಾನೇಜರ್ ಸಹಿ ಮಾಡ್ಬೇಕಿತ್ತು, ನೀವಲ್ಲ!"

"ಅವ್ರ ಪಾಲು ಅವ್ರು ನೋಡ್ಕೊಳ್ಳಿ. ಮೊಹರು ನಂದಲ್ವಾ?"

ಅವರ ಪಾಲನ್ನು ಅವರು ನೋಡಿಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಸಂಜೆ ವಾದ ಮಾಡಲು ನನಗೆ ಮನಸ್ಸಾಗಲಿಲ್ಲ.

ಮನೆಯಲ್ಲಿ ಚಿಕ್ಕಮ್ಮ ಕೇಸರಿಬಾತ್ ಮಾಡಿದ್ದರು. ಸಂತೋಷದ ಭರದಲ್ಲಿ ಬಾಯಿ ಜಾರಿತು: "ಅಬ್ಬಾ, ಇವಳು ಬರ್ದಿದ್ದ ಅರ್ಜಿ ಕೊಡೋ ಹಂಗೆ ಆಗ್ಲಿಲ್ವಲ್ಲ, ಅಷ್ಟೇ ಸಾಕು!"

ಚಿಕ್ಕಪ್ಪ ತಟ್ಟೆಯಿಂದ ತಲೆಯೆತ್ತಿದರು. "ಯಾವ್ ಅರ್ಜಿ?"

ಬಚ್ಚಿಡುವಂತಿರಲಿಲ್ಲ. ಚೀಲದಿಂದ ನಾಲ್ಕು ಪುಟಗಳನ್ನು ತೆಗೆದುಕೊಟ್ಟೆ. ಬೈಯುತ್ತಾರೆಂದು ಕಾದೆ. ಅವರು ಕೈ ತೊಳೆದು ಬಂದು, ಕನ್ನಡಕ ಹಾಕಿ ಓದತೊಡಗಿದರು. ಅದರಲ್ಲಿದ್ದುದು ಕೋಪದ ಮಾತುಗಳು ಮಾತ್ರವಲ್ಲ. ಈ ಮನುಷ್ಯ ಯಾರು ಎಂದು ಇಲಾಖೆಯವರಿಗೆ ತಿಳಿಯಬೇಕಲ್ಲ? ಜ್ವರ ಬಂದ ದಿನ ತನ್ನ ಕೈ ನಡುಗುತ್ತಿದೆಯೆಂದು ತಾನೇ ಹೇಳಿ ರಜೆ ಪಡೆದವರು, ಯಂತ್ರ ಕಲಿಯಲು ಬಂದ ಪ್ರತಿಯೊಬ್ಬರಿಗೂ ತಮ್ಮ ಊಟದ ಬಿಡುವಿನಲ್ಲಿ ಅಳತೆ ಹೇಳಿಕೊಟ್ಟವರು, ಅಪ್ಪ ತೀರಿಕೊಂಡ ವರ್ಷದಿಂದ ನನ್ನನ್ನು ಓದಿಸಿದವರು, ಎಲ್ಲವನ್ನೂ ಬರೆದಿದ್ದೆ. ಎದುರಿಗೆ ಕೂತು ಯಾವತ್ತೂ ಹೇಳಿರಲಿಲ್ಲ.

ಬಹಳ ಹೊತ್ತು ಓದಿದರು. ಕೊನೆಯ ಪುಟ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದರು.

"ಇದನ್ನ ಇನ್ನು ಯಾರಿಗೂ ಕೊಡೋದಿಲ್ವಲ್ಲ?"

"ಇಲ್ಲ ಚಿಕ್ಕಪ್ಪ. ಈಗ ಬೇಕಾಗಿಲ್ಲ."

"ಹಂಗಾದ್ರೆ ನಾನೇ ಇಟ್ಕೊಳ್ಲಾ?"

ನಾನು ತಲೆಯಾಡಿಸಿದೆ. ಅವರು ಪುಟಗಳನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು, ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕೊಳಾಯಿಯ ನೀರು ಸುರಿಯುವ ಸದ್ದು ಬಂತು. ಅದು ನಿಲ್ಲಲೇ ಇಲ್ಲ. ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ಮೆಲ್ಲನೆ ಎದ್ದು ಹೋಗಿ ಟೀವಿಯ ದನಿಯನ್ನು ಜೋರು ಮಾಡಿದರು.